ಕೈಯಾಡಿಸುವವರಿಲ್ಲದ ಮನೆಗಳು

ಚೌಳಹಿರಿಯೂರಿನ ಕಡೆ ನಾಡಹೆಂಚಿನ ಮನೆಯವರಿಗೆ ಮುಂಗಾರಿಗೆ ಮುಂಚೆ ಒಂದು ಕೆಲಸ ತಪ್ಪಿದ್ದಲ್ಲ: ಹೆಂಚು ಕೈಯಾಡಿಸುವುದು. ಕೋತಿ ಹಾರಿ ಸರಿದದ್ದನ್ನು ಕೂರಿಸಬೇಕು, ಒಡೆದದ್ದನ್ನು ತೆಗೆದು ಬೇರೆ ಹೊದಿಸಬೇಕು. ಒಂದು ವರ್ಷ ಬಿಟ್ಟರೆ ಸೋರಿಕೆ. ಎರಡು ವರ್ಷ ಬಿಟ್ಟರೆ ರೀಪು ಕೊಳೆಯುತ್ತದೆ, ತೊಲೆಗೆ ಗೆದ್ದಲು ಹತ್ತುತ್ತದೆ.

ಅಮೆರಿಕದ ಸೇಂಟ್ ಲೂಯಿಸ್ ನಗರದ ಪ್ರೂಯಿಟ್-ಐಗೋ ಬಡಾವಣೆಯ ಕತೆ ಓದುವಾಗಲೆಲ್ಲ ನನಗೆ ಈ ಹೆಂಚೇ ನೆನಪಾಗುತ್ತದೆ. 57 ಎಕರೆಯಲ್ಲಿ 11 ಅಂತಸ್ತಿನ 33 ಕಟ್ಟಡ, 2,870 ಮನೆ. ವಿನ್ಯಾಸ ಮಿನೋರು ಯಮಸಾಕಿಯದು. ಮುಂದೆ ನ್ಯೂಯಾರ್ಕಿನ ಅವಳಿ ಗೋಪುರಗಳನ್ನು ರೂಪಿಸಿದವರೂ ಅವರೇ. ಕೊಳೆಗೇರಿಯ ಬಡವರಿಗೆ ಗಾಳಿ, ಬೆಳಕು, ಮನೆಯೊಳಗೇ ನೀರು ಸಿಗಲಿ ಎಂಬ ಆಸೆ ಸುಳ್ಳಾಗಿರಲಿಲ್ಲ. 1954ರಲ್ಲಿ ಮೊದಮೊದಲು ಬಂದವರಿಗೆ ಅದು ಅರಮನೆಯಾಗಿಯೇ ಕಂಡಿತ್ತು.

ಕಟ್ಟುವುದಕ್ಕೆ ಸರ್ಕಾರದ ದುಡ್ಡು, ನೋಡಿಕೊಳ್ಳುವುದಕ್ಕೆ ಬಾಡಿಗೆಯ ದುಡ್ಡು. ಎಡವಟ್ಟಾಗಿದ್ದೇ ಈ ಲೆಕ್ಕದಲ್ಲಿ. ಬಾಡಿಗೆ ಕೊಡಬೇಕಾದವರು ಬಡವರು. ಉಳ್ಳವರು ಹೊರವಲಯಕ್ಕೆ ಹೊರಟಿದ್ದರು. 1950ರಲ್ಲಿ ಎಂಟೂವರೆ ಲಕ್ಷವಿದ್ದ ನಗರದ ಜನಸಂಖ್ಯೆ 1970ಕ್ಕೆ 6.22 ಲಕ್ಷಕ್ಕಿಳಿಯಿತು. ಮನೆ ಖಾಲಿಯಾದಷ್ಟೂ ಬಾಡಿಗೆ ಖೋತಾ, ಬಾಡಿಗೆ ಖೋತಾ ಆದಷ್ಟೂ ರಿಪೇರಿ ಬಂದ್. ಖರ್ಚು ಉಳಿಸಲೆಂದು ಲಿಫ್ಟು 1, 4, 7, 10ನೇ ಅಂತಸ್ತಿನಲ್ಲಷ್ಟೇ ನಿಲ್ಲುವಂತೆ ಮಾಡಿದ್ದರು. ಆರನೇ ಅಂತಸ್ತಿನ ತಾಯಿ ಏಳರಲ್ಲಿಳಿದು, ಕಂಕುಳಲ್ಲಿ ಮಗು, ಕೈಯಲ್ಲಿ ದಿನಸಿ ಚೀಲ ಹಿಡಿದು ದೀಪವಿಲ್ಲದ ಮೆಟ್ಟಿಲಲ್ಲಿ ತಡವರಿಸಬೇಕು. ಚಳಿಗಾಲದಲ್ಲಿ ಪೈಪು ಒಡೆದರೆ ನೀರು ಅಲ್ಲೇ ಹೆಪ್ಪುಗಟ್ಟುತ್ತಿತ್ತು. 1969ರಲ್ಲಿ ನಿವಾಸಿಗಳು ಬಾಡಿಗೆ ಕೊಡುವುದನ್ನೇ ನಿಲ್ಲಿಸಿ ಮುಷ್ಕರ ಹೂಡಿದರು. 1972ರಲ್ಲಿ ಸಿಡಿಮದ್ದಿಟ್ಟು ಉರುಳಿಸುವುದು ಶುರುವಾಯಿತು. 1976ರ ಹೊತ್ತಿಗೆ ಅಲ್ಲಿ ಬಯಲಷ್ಟೇ ಇತ್ತು. ಕೆಲವರು ಕಟ್ಟಡದ ಎತ್ತರವನ್ನು ದೂರಿದರು, ಕೆಲವರು ವಾಸವಿದ್ದವರನ್ನೇ ದೂರಿದರು. ಎರಡನ್ನೂ ನಾನು ಒಪ್ಪುವುದಿಲ್ಲ.

ನಮ್ಮ ಬೆಂಗಳೂರಿನ ಈಜಿಪುರದ ಇಡಬ್ಲ್ಯುಎಸ್ ಕ್ವಾರ್ಟರ್ಸ್ ಏನೂ ಎತ್ತರದ ಕಟ್ಟಡಗಳಾಗಿರಲಿಲ್ಲ. ಕೋರಮಂಗಲದ ಮಗ್ಗುಲಲ್ಲಿ ಬಡವರಿಗೆಂದು ನಗರಪಾಲಿಕೆ 1990ರ ದಶಕದ ಆರಂಭದಲ್ಲಿ ಕಟ್ಟಿಸಿದ್ದು, ಸುಮಾರು ಒಂದೂವರೆ ಸಾವಿರ ಮನೆ. ಒಂದು ತಲೆಮಾರು ಕಳೆಯುವ ಮೊದಲೇ ಕಟ್ಟಡ ಕುಸಿಯತೊಡಗಿತು, ಉಳಿದವನ್ನು ಪಾಲಿಕೆಯೇ ಕೆಡವಿತು. ಜನ ಅದೇ ಜಾಗದಲ್ಲಿ ತಗಡಿನ ಶೆಡ್ಡು ಸೇರಿದರು. ಆ ಹೊತ್ತಿಗೆ ಕೋರಮಂಗಲದ ನೆಲಕ್ಕೆ ಚಿನ್ನದ ಬೆಲೆ. ಖಾಸಗಿ ಸಹಭಾಗಿತ್ವದ ಯೋಜನೆ ಬಂತು, ಅದರಲ್ಲಿ ಮಾಲ್‌ಗೂ ಪಾಲು. 2013ರ ಜನವರಿಯಲ್ಲಿ ಪೊಲೀಸರ ಕಾವಲಿನಲ್ಲಿ ಜೆಸಿಬಿಗಳು ಶೆಡ್ಡುಗಳ ಮೇಲೆ ಹರಿದವು. ಎಷ್ಟೋ ಸಂಸಾರಗಳು ಎದುರಿನ ಫುಟ್‌ಪಾತಿನಲ್ಲೇ ಪ್ಲಾಸ್ಟಿಕ್ ಹೊದಿಕೆ ಕಟ್ಟಿ ಒಲೆ ಹೂಡಿದವು.