ಗುಜರಿಗೆ ಹೋದ ಯಂತ್ರದ ಗತಿ

ಹೋಟೆಲೆಂದರೆ ಒಲೆ, ಒರಳು, ದೋಸೆಯ ಕಲ್ಲು, ಹಿತ್ತಾಳೆಯ ಪಾತ್ರೆ, ಇಷ್ಟೇ ಎಂದಿದ್ದ ಕಾಲವೊಂದಿತ್ತು. ಆ ಕಾಲದ ಸಾಮಾನು ಕೆಟ್ಟು ಮೂಲೆ ಸೇರಿದುದೇ ಅಪರೂಪ. ತಳ ಸವೆದ ಹಂಡೆಯನ್ನು ಕಂಚುಗಾರನು ಕರಗಿಸಿ ಮತ್ತೊಂದು ಪಾತ್ರೆಯನ್ನು ಎರಕ ಹೊಯ್ಯುತ್ತಿದ್ದನು. ಒರಳಂತೂ ಮೂರು ತಲೆಮಾರು ಕಳೆದರೂ ಒರಳಾಗಿಯೇ ಉಳಿಯುತ್ತಿತ್ತು. ಇಂದಿನ ಹೋಟೆಲಿನೊಳಕ್ಕೆ ಒಮ್ಮೆ ಕಣ್ಣು ಹಾಯಿಸಿರಿ. ಗಲ್ಲಾದ ಮೇಲೆ ಬಿಲ್ಲು ಮಾಡುವ ಕಂಪ್ಯೂಟರು, ಅದರ ಮಗ್ಗುಲಲ್ಲಿ ಚೀಟಿ ಮುದ್ರಿಸುವ ಪುಟ್ಟ ಯಂತ್ರ, ಹಣ ಜಮೆಯಾಯಿತೆಂದು ಕೂಗಿ ಹೇಳುವ ಪೆಟ್ಟಿಗೆ, ಗೋಡೆಯ ಮೂಲೆಯಲ್ಲಿ ಕ್ಯಾಮೆರಾ. ಒಳಗೆ ಗ್ರೈಂಡರು, ಮಿಕ್ಸಿ, ಫ್ರಿಜ್ಜು, ಹೊಗೆ ಎಳೆಯುವ ಫ್ಯಾನು. ಮೆಟ್ಟಿಲ ಕೆಳಗೆ ಇನ್ವರ್ಟರು ಮತ್ತು ಅದರ ಬ್ಯಾಟರಿ. ಮಾಲಿಕನಿಂದ ಹಿಡಿದು ತಟ್ಟೆ ತೊಳೆಯುವ ಹುಡುಗನವರೆಗೆ ಪ್ರತಿಯೊಬ್ಬನ ಕಿಸೆಯಲ್ಲಿಯೂ ಒಂದು ಮೊಬೈಲು. ಕಚೇರಿಗಳಲ್ಲಿ ದುಡಿಯುವ ನಮ್ಮ ಗುಮಾಸ್ತ ಬಂಧುಗಳ ಮೇಜನ್ನಂತೂ ವರ್ಣಿಸಬೇಕಾದುದಿಲ್ಲ.

ಇವೆಲ್ಲವೂ ಅಲ್ಪಾಯುಷಿಗಳು. ಕೆಟ್ಟ ಮೇಲೆ ಇವು ಏನಾಗುತ್ತವೆ ಎಂಬ ಪ್ರಶ್ನೆಯನ್ನು ನಮ್ಮಲ್ಲಿ ಎಷ್ಟು ಮಂದಿ ಕೇಳಿಕೊಂಡಿದ್ದೇವೆ? ಗುಜರಿಯವನು ಬರುತ್ತಾನೆ, ತೂಗುತ್ತಾನೆ, ನಾಲ್ಕು ಕಾಸು ಎಣಿಸಿ ಗೋಣಿ ಹೊತ್ತು ಹೋಗುತ್ತಾನೆ. ಅಲ್ಲಿಗೆ ನಮ್ಮ ಲೆಕ್ಕ ಮುಗಿಯಿತು. ಆದರೆ ಆ ಗೋಣಿಯ ಲೆಕ್ಕವು ಅಲ್ಲಿಂದ ಮುಂದೆಯೇ ಪ್ರಾರಂಭವಾಗುವುದು.

ಸರಕಾರಿ ಕಾಗದಗಳಲ್ಲಿ ಇಂತಹ ಕಸಕ್ಕೆ ಇ-ತ್ಯಾಜ್ಯವೆಂದು ಹೆಸರು. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಸೇರಿ ೨೦೨೪ರಲ್ಲಿ ಪ್ರಕಟಿಸಿದ ವರದಿಯಂತೆ, ೨೦೨೨ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ೬ ಕೋಟಿ ೨೦ ಲಕ್ಷ ಟನ್ನುಗಳಷ್ಟು ಇ-ತ್ಯಾಜ್ಯ ಹುಟ್ಟಿತು. ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಸಂದುದಾಗಿ ದಾಖಲೆಯಿರುವುದು ಅದರಲ್ಲಿ ನೂರಕ್ಕೆ ೨೨ರಷ್ಟು ಮಾತ್ರ. ಭಾರತದ ಪಾಲು ಸುಮಾರು ೪೧ ಲಕ್ಷ ಟನ್.

ಲಿಂಗಂಪಲ್ಲಿಯಲ್ಲಿ ಬಾಳುವ ನಮಗೆ ಇದು ದೂರದ ಸುದ್ದಿಯಲ್ಲ. ಒಂದು ಕಡೆಗೆ ರಾಮಚಂದ್ರಾಪುರದ ಬಿ.ಎಚ್.ಇ.ಎಲ್. ಕಾರಖಾನೆ, ಮತ್ತೊಂದು ಕಡೆಗೆ ಗಚ್ಚಿಬೌಲಿ ಮತ್ತು ಹೈಟೆಕ್ ಸಿಟಿಗಳ ಗಾಜಿನ ಕಟ್ಟಡಗಳು. ಆ ಕಟ್ಟಡಗಳಲ್ಲಿ ಕೆಲವೇ ವರ್ಷಗಳಿಗೊಮ್ಮೆ ಕಂಪ್ಯೂಟರುಗಳ ಸಾಲುಸಾಲೇ ಬದಲಾಗುವುದು. ಆದರೆ ನಮ್ಮ ಬೀದಿಗಳ ನೂರಾರು ಚಿಕ್ಕ ಹೋಟೆಲುಗಳಿಂದ, ಮೆಸ್ಸುಗಳಿಂದ, ಹುಡುಗರ ಕೋಣೆಗಳಿಂದ ಒಂದೊಂದಾಗಿ ಹೊರಬೀಳುವ ಸಾಮಾನನ್ನು ಒಟ್ಟುಗೂಡಿಸಿದರೆ ಅದೇನೂ ಅಲ್ಪವಲ್ಲ. ಆ ಕಂಪನಿಗಳ ಕಸಕ್ಕೆ ಕಾನೂನಿನ ಕಣ್ಣಿದೆ, ನಮ್ಮ ಕಸಕ್ಕೆ ಅದಿಲ್ಲ. ಈ ಮಾತಿಗೆ ಮುಂದೆ ಬರುತ್ತೇವೆ.

ಮೊದಲು ಒಳಗೇನಿದೆ ಎಂಬುದನ್ನು ನೋಡೋಣ. ಮೊಬೈಲನ್ನೋ ಕಂಪ್ಯೂಟರನ್ನೋ ಬಿಚ್ಚಿದರೆ ಹಸಿರು ಬಣ್ಣದ ಹಲಗೆಯೊಂದು ಕಾಣುವುದು. ಆ ಹಲಗೆಯಲ್ಲಿ ತಾಮ್ರವಿದೆ, ಬೆಳ್ಳಿಯಿದೆ, ಚಿನ್ನವೂ ಇದೆ. ಕೋಲಾರದ ಚಿನ್ನದ ಗಣಿಯು ೨೦೦೧ರ ಫೆಬ್ರವರಿ ೨೮ರಂದು ಮುಚ್ಚಿತು. ಅದರ ಕೊನೆಯ ದಿನಗಳಲ್ಲಿ ನೆಲದಡಿಯಿಂದ ಒಂದು ಟನ್ ಅದಿರನ್ನು ಮೇಲೆತ್ತಿದರೆ ಕೈಗೆ ಬರುತ್ತಿದ್ದ ಚಿನ್ನ ಮೂರು ನಾಲ್ಕು ಗ್ರಾಮುಗಳಷ್ಟೇ. ಬ್ಯಾಟರಿ ತೆಗೆದ ಹಳೆಯ ಮೊಬೈಲುಗಳು ಒಂದು ಟನ್ ಇದ್ದರೆ ಅವುಗಳಲ್ಲಿ ಇನ್ನೂರು ಗ್ರಾಮಿಗೂ ಮೇಲ್ಪಟ್ಟು ಚಿನ್ನವಿರುವುದು! ಗುಜರಿಯವನು ಮನೆಬಾಗಿಲಿಗೆ ಬಂದು ಕೆಟ್ಟ ಮೊಬೈಲನ್ನು ಕೇಳುವುದರ ಮರ್ಮವಿದು.

ಚಿನ್ನದ ಮಗ್ಗುಲಲ್ಲಿಯೇ ವಿಷವೂ ಇದೆ. ಹಳೆಯ ಬೆಸುಗೆಯಲ್ಲಿ ಸೀಸ, ಹಿಂದಿನ ದಪ್ಪ ಟಿ.ವಿ.ಗಳ ಗಾಜಿನಲ್ಲಿ ಕಿಲೋಗಟ್ಟಲೆ ಸೀಸ. ಟ್ಯೂಬ್ ಲೈಟಿನಲ್ಲಿ ಪಾದರಸ. ಕೆಲವು ಬಗೆಯ ಬ್ಯಾಟರಿಗಳಲ್ಲಿ ಕ್ಯಾಡ್ಮಿಯಂ. ಫ್ರಿಜ್ಜಿನ ಕೊಳವೆಯೊಳಗೆ ಅನಿಲ. ತಾಮ್ರದ ಆಸೆಗೆ ಆ ಕೊಳವೆಯನ್ನು ಕತ್ತರಿಸಿದರೆ ಅನಿಲವೆಲ್ಲ ಗಾಳಿಗೆ ಸೇರುತ್ತದೆ, ಮತ್ತು ಹಲವು ಫ್ರಿಜ್ಜುಗಳಲ್ಲಿರುವ ಅನಿಲವು ಭೂಮಿಯನ್ನು ಬಿಸಿಯಾಗಿಸುವ ಶಕ್ತಿಯಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮಿಕ್ಕುದು. ಯಂತ್ರವು ಕೆಲಸ ಮಾಡುತ್ತಿರುವವರೆಗೆ ಇವೆಲ್ಲವೂ ಒಳಗೆ ಸುಮ್ಮನಿರುವುವು. ಒಡೆದಾಗ, ಸುಟ್ಟಾಗ, ದ್ರಾವಕದಲ್ಲಿ ಅದ್ದಿದಾಗ ಹೊರಬರುವುವು.

ಒಡೆಯುವುದೂ ಸುಡುವುದೂ ಅದ್ದುವುದೂ ಎಲ್ಲಿ ನಡೆಯುತ್ತದೆ? ದಿಲ್ಲಿಯ ಸೀಲಂಪುರದ ಗಲ್ಲಿಗಳು ಈ ವ್ಯಾಪಾರಕ್ಕೆ ಹೆಸರಾದುವು. ಹಿತ್ತಾಳೆಯ ಕೆಲಸಕ್ಕೆ ಪ್ರಸಿದ್ಧವಾದ ಮುರಾದಾಬಾದಿನಲ್ಲಿ ಅದೇ ಕುಲುಮೆಗಳ ನಾಡಿಗೆ ಈ ಹಸಿರು ಹಲಗೆಗಳು ಬಂದಿಳಿದವು, ಸುಟ್ಟ ಬೂದಿಯು ರಾಮಗಂಗಾ ನದಿಯ ದಡದಲ್ಲಿ ಗುಡ್ಡೆಯಾಯಿತು, ಕೊನೆಗೆ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವೇ ಆ ಬೂದಿಯ ವಿಚಾರವನ್ನು ಕೈಗೆತ್ತಿಕೊಳ್ಳಬೇಕಾಯಿತು. ಹಳೆಯ ಹಂಡೆಯನ್ನು ಕರಗಿಸುವ ವಿದ್ಯೆಯೇ ಬೇರೆ, ಇದನ್ನು ಕರಗಿಸುವ ವಿದ್ಯೆಯೇ ಬೇರೆ. ಪದ್ಧತಿಯು ಎಲ್ಲೆಡೆಯೂ ಒಂದೇ. ತಂತಿಯ ಮೇಲಿನ ಪ್ಲಾಸ್ಟಿಕನ್ನು ಬಯಲಿನಲ್ಲಿ ಸುಟ್ಟು ತಾಮ್ರವನ್ನು ಎಳೆಯುವರು. ಆ ಕರಿಹೊಗೆಯಲ್ಲಿ ಡಯಾಕ್ಸಿನ್ ಎಂಬ ವಿಷವಿರುತ್ತದೆ, ಅದು ಕ್ಯಾನ್ಸರಿಗೆ ಕಾರಣವೆಂದು ಸಿದ್ಧವಾದುದು. ಹಲಗೆಯನ್ನು ಕೆಂಡದ ಮೇಲೆ ಕಾಯಿಸಿ ಬಿಡಿಭಾಗಗಳನ್ನು ಕಿತ್ತು, ಉಳಿದುದನ್ನು ಬರಿಗೈಯಿಂದ ಆಮ್ಲದ ತೊಟ್ಟಿಗೆ ಹಾಕುವರು. ಚಿನ್ನ ತೆಗೆದಾದ ಮೇಲೆ ಆ ಆಮ್ಲವು ಚರಂಡಿಗೆ.

ಇದನ್ನು ಮಾಡುವವರು ಗಂಡಸರು ಮಾತ್ರವಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ೨೦೨೧ರಲ್ಲಿ ಹೊರತಂದ ವರದಿಯಂತೆ, ಜಗತ್ತಿನಲ್ಲಿ ಕಸದ ಅಸಂಘಟಿತ ಕಸುಬಿನಲ್ಲಿ ತೊಡಗಿರುವ ಹೆಂಗಸರೇ ೧ ಕೋಟಿ ೨೯ ಲಕ್ಷ. ಚಿಕ್ಕ ಬೆರಳು ಚಿಕ್ಕ ತಿರುಪನ್ನು ಬೇಗ ಬಿಚ್ಚುತ್ತದೆಂದು ಮಕ್ಕಳನ್ನೂ ಕೂರಿಸುವರು. ಚೀನದ ಗುಯಿಯು ಎಂಬ ಊರು ಒಂದು ಕಾಲಕ್ಕೆ ಇಂತಹ ಕಸವನ್ನು ಒಡೆಯುವುದರಲ್ಲಿ ಜಗತ್ತಿಗೇ ದೊಡ್ಡದೆನಿಸಿತ್ತು. ಅಲ್ಲಿ ಆರು ವರ್ಷದೊಳಗಿನ ೧೬೫ ಮಕ್ಕಳ ರಕ್ತವನ್ನು ಪರೀಕ್ಷಿಸಿ ೨೦೦೭ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ೧೩೫ ಮಕ್ಕಳ ರಕ್ತದಲ್ಲಿ ಸೀಸವು ಆಗಿನ ಅಪಾಯದ ಗೆರೆಯನ್ನು ದಾಟಿತ್ತು. ಸೀಸವು ಮಗುವಿನ ಮಿದುಳಿನ ಬೆಳವಣಿಗೆಯನ್ನು ಕುಂದಿಸುವುದು. ಇಷ್ಟರವರೆಗೆ ಸೇರಿದರೆ ಭಯವಿಲ್ಲ ಎನ್ನುವಂತಹ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ನಾವು ಗಲ್ಲಾಕ್ಕೆ ಹಾಕಿಕೊಂಡ ನಾಲ್ಕು ಕಾಸಿನ ಮಿಕ್ಕ ಬೆಲೆಯನ್ನು ತೆರುವವರು ಯಾರೆಂಬುದು ಇದರಿಂದ ಸ್ಪಷ್ಟ.

ಹಾಗೆಂದು ಗುಜರಿಯವನನ್ನು ದೂರುವುದು ನ್ಯಾಯವಲ್ಲ. ನಮ್ಮಂತೆಯೇ ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವನು ಅವನು. ದೊಡ್ಡ ಕಂಪನಿಗಳು ಮಾರಲು ಮನೆಬಾಗಿಲಿಗೆ ಬರುವುವು, ಮರಳಿ ಕೊಂಡೊಯ್ಯಲು ಬರುವವನು ಅವನೊಬ್ಬನೇ. ಅವನು ಹೊತ್ತೊಯ್ಯುವ ಕಬ್ಬಿಣ, ಕಾಗದ, ಬಾಟಲಿಗಳಿಂದ ಊರಿಗೆ ಉಪಕಾರವೇ ಆಗುತ್ತಿದೆ. ದೋಷವಿರುವುದು ಈ ಒಂದು ಬಗೆಯ ಸಾಮಾನು ಅವನ ಗೋಣಿಯಿಂದ ಮುಂದೆ ಹಿಡಿಯುವ ದಾರಿಯಲ್ಲಿ.

ಆ ದಾರಿಯನ್ನು ಸರಿಪಡಿಸಬೇಕೆಂದು ಕಾನೂನು ಹುಟ್ಟಿದೆ. ಭಾರತ ಸರಕಾರವು ಮೊದಲ ನಿಯಮಗಳನ್ನು ೨೦೧೧ರಲ್ಲಿ ಮಾಡಿ ೨೦೧೨ರ ಮೇ ತಿಂಗಳಿನಿಂದ ಜಾರಿಗೆ ತಂದಿತು. ೨೦೧೬ರಲ್ಲಿ ಅವು ಬದಲಾದುವು. ೨೦೨೨ರಲ್ಲಿ ಮತ್ತೆ ಹೊಸವು ಬಂದು ೨೦೨೩ರ ಏಪ್ರಿಲ್ ೧ರಿಂದ ಜಾರಿಯಾದುವು. ಇವುಗಳ ತಿರುಳು ಇಷ್ಟು: ಯಂತ್ರವನ್ನು ತಯಾರಿಸಿ ಮಾರಿದವನೇ ಅದರ ಕೊನೆಗೂ ಹೊಣೆ. ನೋಂದಣಿಯಾದ ಮರುಬಳಕೆ ಕಾರಖಾನೆಗಳ ಮೂಲಕ ಇಂತಿಷ್ಟನ್ನು ವಿಲೇವಾರಿ ಮಾಡಿಸಿದೆನೆಂಬ ಪ್ರಮಾಣಪತ್ರವನ್ನು ಅವನು ಪಡೆಯಬೇಕು. ವರ್ಷದ ಯಾವುದೇ ಸಮಯದಲ್ಲಿ ಸಾವಿರ ಉಪಕರಣಗಳನ್ನು ಬಳಸಿದ ಸಂಸ್ಥೆಯು ‘ದೊಡ್ಡ ಬಳಕೆದಾರ’ನೆನಿಸುವುದು, ಮತ್ತು ಅದು ತನ್ನ ಇ-ತ್ಯಾಜ್ಯವನ್ನು ನೋಂದಾಯಿತರಿಗೇ ಒಪ್ಪಿಸತಕ್ಕದ್ದು.

ಸಾವಿರ! ಲಿಂಗಂಪಲ್ಲಿಯ ಇಡ್ಲಿ-ದೋಸೆಯ ಹೋಟೆಲಿನಲ್ಲಿ ಬಲ್ಬುಗಳನ್ನು ಎಣಿಸಿದರೂ ಸಾವಿರ ಮುಟ್ಟದು. ಗಾಜಿನ ಕಟ್ಟಡದ ಕಂಪನಿಯು ಕಾನೂನಿನ ಬಲೆಗೆ ಬಿತ್ತು, ನಾವು ಕಣ್ಣಿಗಳ ನಡುವೆ ನುಸುಳಿದೆವು. ಚಿಕ್ಕವರನ್ನು ಕಾಗದಪತ್ರಗಳ ಕಾಟದಿಂದ ಬಿಟ್ಟುದು ಸರಿಯೇ ಎಂದು ವರ್ಷಗಟ್ಟಲೆ ಗಲ್ಲಾದಲ್ಲಿ ಕುಳಿತು ಲೈಸೆನ್ಸುಗಳನ್ನು ನವೀಕರಿಸಿದ ಈ ಲೇಖಕನೂ ಒಪ್ಪುತ್ತಾನೆ. ಆದರೆ ಬಿಟ್ಟುದಕ್ಕೆ ಬದಲಾಗಿ, ಒಂದೊಂದು ಬಡಾವಣೆಗೂ ಕೈಗೆಟಕುವ ಸಂಗ್ರಹದ ಸ್ಥಳವೊಂದನ್ನು ಕೊಡಬೇಕಾಗಿತ್ತು. ಅದು ಸಾಕಷ್ಟು ಆಗಿಲ್ಲ.

ಕ್ರಮಬದ್ಧವಾದ ಕೆಲಸ ಹೇಗಿರುತ್ತದೆಂಬುದನ್ನು ದೇಶಕ್ಕೆ ಮೊದಲು ತೋರಿಸಿದವರಲ್ಲಿ ಕನ್ನಡ ನಾಡಿನ ಸಂಸ್ಥೆಯೊಂದಿದೆಯೆಂಬುದು ನಮಗೆ ಹೆಮ್ಮೆಯ ವಿಷಯ. ಬೆಂಗಳೂರಿನ ಹೊರಗೆ ದಾಬಸ್‌ಪೇಟೆಯಲ್ಲಿ ಪಿ. ಪಾರ್ಥಸಾರಥಿಯವರು ‘ಇ-ಪರಿಸರ’ವೆಂಬ ಕಾರಖಾನೆಯನ್ನು ೨೦೦೫ರಲ್ಲಿ ಆರಂಭಿಸಿದರು. ಇಂತಹ ಕಾರಖಾನೆಯಲ್ಲಿ ಯಂತ್ರವನ್ನು ಸುಡುವುದಿಲ್ಲ. ಕೈಚೀಲ, ಮುಸುಕು ಧರಿಸಿದ ಕೆಲಸಗಾರರು ಬಿಚ್ಚಿ ಬೇರ್ಪಡಿಸುವರು. ಧೂಳನ್ನು ಎಳೆದುಕೊಳ್ಳುವ ಕೊಳವೆಯ ಕೆಳಗೆ ಗಾಜನ್ನು ಕತ್ತರಿಸುವರು. ತಂತಿಯ ಸಿಪ್ಪೆಯನ್ನು ಯಂತ್ರವು ಸುಲಿಯುವುದು. ಹಸಿರು ಹಲಗೆಗಳಿಂದ ಲೋಹ ತೆಗೆಯುವ ವಿದ್ಯೆಯೇ ಕಠಿನ, ಅದಕ್ಕಾಗಿ ಅವುಗಳನ್ನು ಬೆಲ್ಜಿಯಂ ದೇಶದವರೆಗೂ ಕಳುಹಿಸುವ ರೂಢಿಯಿತ್ತು. ಆ ವಿದ್ಯೆಯನ್ನು ಇಲ್ಲಿಯೇ ರೂಪಿಸಲು ದುಡಿದ ಸರಕಾರಿ ಸಂಸ್ಥೆಯು ನಮ್ಮ ಹೈದರಾಬಾದಿನ ಚರ್ಲಪಲ್ಲಿಯಲ್ಲಿದೆ. ಸಿ-ಮೆಟ್ ಎಂದು ಅದರ ಚಿಕ್ಕ ಹೆಸರು. ಆ ಸಂಸ್ಥೆಯೂ ದಾಬಸ್‌ಪೇಟೆಯ ಕಾರಖಾನೆಯೂ ಈ ಕಾರ್ಯದಲ್ಲಿ ಕೈಜೋಡಿಸಿದುವು.

ಇನ್ನು ನಮ್ಮ ಹುಡುಗರ ಪ್ರಾಣಕ್ಕೇ ಸಂಬಂಧಿಸಿದ ವಿಷಯವೊಂದಿದೆ, ಅದುವೇ ಮೊಬೈಲಿನ ಬ್ಯಾಟರಿ. ೨೦೨೨ರ ಸೆಪ್ಟೆಂಬರ್ ೧೨ರ ರಾತ್ರಿ ಸಿಕಂದರಾಬಾದಿನ ವಸತಿಗೃಹವೊಂದರ ಕೆಳಭಾಗದಲ್ಲಿದ್ದ ವಿದ್ಯುತ್ ಸ್ಕೂಟರುಗಳ ಮಳಿಗೆಯಲ್ಲಿ ಬೆಂಕಿ ಹತ್ತಿತು. ಹೊಗೆಯು ಮೆಟ್ಟಿಲ ದಾರಿಯಲ್ಲಿ ಮೇಲೇರಿ ಎಂಟು ಮಂದಿಯ ಉಸಿರನ್ನು ನಿಲ್ಲಿಸಿತು. ಸ್ಕೂಟರಿನದೂ ಮೊಬೈಲಿನದೂ ಒಂದೇ ಕುಲದ ಲಿಥಿಯಂ ಬ್ಯಾಟರಿ. ಗಾತ್ರದಲ್ಲಿ ಮಾತ್ರ ಭೇದ. ಅದರೊಳಗಿನ ತೆಳುಪದರವು ಹರಿದರೆ ತನ್ನಷ್ಟಕ್ಕೆ ತಾನೇ ಕಾದು ಹೊತ್ತಿಕೊಳ್ಳುವುದು. ಒಂದು ಕೋಣೆಯಲ್ಲಿ ಎಂಟು ಹತ್ತು ಜನ ಮಲಗುವ ನಮ್ಮ ಹುಡುಗರು ಒಂದೇ ಪಟ್ಟಿಗೆಗೆ ಎಂಟು ಚಾರ್ಜರು ಸಿಕ್ಕಿಸಿ, ಮೊಬೈಲನ್ನು ದಿಂಬಿನಡಿಯಲ್ಲಿಟ್ಟು ನಿದ್ರಿಸುವರು. ಉಬ್ಬಿದ ಬ್ಯಾಟರಿಯೊಳಗೆ ಅನಿಲ ತುಂಬಿರುತ್ತದೆ. ಅದನ್ನು ಚುಚ್ಚಬಾರದು, ಒತ್ತಿ ಕೂರಿಸಬಾರದು, ಮತ್ತೆ ಚಾರ್ಜು ಮಾಡಬಾರದು. ಒಲೆಗೆ ಎಸೆಯುವುದಂತೂ ಕೂಡದು. ತರಕಾರಿ ಸಿಪ್ಪೆಯೊಡನೆ ಕಸದ ಬುಟ್ಟಿಗೆ ಹಾಕಿದರೆ ಕಸದ ಗಾಡಿಯಲ್ಲಿ ಅದುಮಲ್ಪಟ್ಟು ಅಲ್ಲಿ ಹೊತ್ತೀತು, ಸುಡುವುದು ಗಾಡಿಯವನ ಕೈ. ಬ್ಯಾಟರಿಯ ತುದಿಗಳಿಗೆ ಟೇಪು ಅಂಟಿಸಿ, ಒಣ ಮರಳು ತುಂಬಿದ ತಗಡಿನ ಡಬ್ಬಿಯಲ್ಲಿ ಕೋಣೆಯಿಂದ ಹೊರಗಿಟ್ಟು, ಆದಷ್ಟು ಬೇಗ ಕಂಪನಿಯ ಸೇವಾಕೇಂದ್ರಕ್ಕೆ ಒಪ್ಪಿಸುವುದು ಕ್ಷೇಮ.

ಇನ್ವರ್ಟರಿನ ದೊಡ್ಡ ಬ್ಯಾಟರಿಯ ಕಥೆ ಬೇರೆ. ಹಳೆಯದನ್ನು ಕೊಟ್ಟರೆ ಹೊಸದರ ಬೆಲೆಯಲ್ಲಿ ಅಂಗಡಿಯವನು ಕಳೆಯುವನು, ಆದ್ದರಿಂದ ಅದನ್ನು ಯಾರೂ ಬೀದಿಗೆ ಎಸೆಯುವುದಿಲ್ಲ. ಕಾನೂನಿನ ಹೆದರಿಕೆಗಿಂತ ಬಿಲ್ಲಿನಲ್ಲಿ ಕಳೆದ ರೂಪಾಯಿಯೇ ಹೆಚ್ಚು ಕೆಲಸ ಮಾಡುವುದೆಂಬುದು ಇದರಿಂದ ತಿಳಿಯುವುದು. ಮಿಕ್ಸಿಗೂ ಮೊಬೈಲಿಗೂ ಕಂಪನಿಗಳು ಹಳೆಯದಕ್ಕೆ ಇದೇ ರೀತಿ ನಿಶ್ಚಿತ ಬೆಲೆ ಕಟ್ಟಿದರೆ ಅರ್ಧ ಸಮಸ್ಯೆ ತೀರೀತೆಂಬುದು ನಮ್ಮ ಅಭಿಪ್ರಾಯ.

ಎಸೆಯುವ ಮುನ್ನ ರಿಪೇರಿಯ ಮಾತನ್ನು ಮರೆಯಬಾರದು. ಕೋಠಿಯ ಗುಜರಾತಿ ಗಲ್ಲಿ, ಅಬಿಡ್ಸಿನ ಜಗದೀಶ್ ಮಾರ್ಕೆಟ್ಟುಗಳಂತಹ ಬಜಾರುಗಳನ್ನು ಇಟ್ಟುಕೊಂಡ ಊರು ಇದು. ಗ್ರೈಂಡರಿನ ಮೋಟಾರಿಗೆ ತಂತಿ ಸುತ್ತಿಸಿದರೆ ಅದು ಇನ್ನೆರಡು ವರ್ಷ ಅರೆದೀತು. ನಿಮ್ಮ ಹಳೆಯ ಮೊಬೈಲು ಕುಂದಾಪುರದ ಕಡೆಯ ಮನೆಯಲ್ಲಿ ತಾಯಿಯ ಕೈಗೆ ಒದಗೀತು. ಮಾರುವುದಾದರೆ ಮಾತ್ರ, ಬ್ಯಾಂಕಿನ ಆ್ಯಪು, ಆಧಾರ್ ಚೀಟಿಯ ಚಿತ್ರ, ಗುಪ್ತಸಂಖ್ಯೆ ಎಲ್ಲವನ್ನೂ ಅಳಿಸಿ, ಸಿಮ್ಮು ತೆಗೆದು ಕೊಡಿರಿ.

ಟ್ಯೂಬ್ ಲೈಟು ಒಡೆದರೆ ಕ್ಲೀನರ್ ಹುಡುಗನನ್ನು ಒಡನೆಯೇ ಪೊರಕೆ ಕೊಟ್ಟು ಕಳುಹಿಸಬೇಡಿರಿ. ಕಿಟಕಿ ಬಾಗಿಲು ತೆರೆದು, ಫ್ಯಾನು ನಿಲ್ಲಿಸಿ, ಎಲ್ಲರೂ ಹತ್ತು ನಿಮಿಷ ಹೊರಗಿದ್ದು, ಅನಂತರ ಚೂರುಗಳನ್ನು ದಪ್ಪ ರಟ್ಟಿನಿಂದ ಎತ್ತಿ ಮುಚ್ಚಳವಿರುವ ಗಾಜಿನ ಭರಣಿಗೆ ಹಾಕತಕ್ಕದ್ದು.

ಒಂದು ಹೋಟೆಲಿನ ಎರಡು ಕೆಟ್ಟ ಮಿಕ್ಸಿಗಾಗಿ ಯಾವ ಕಾರಖಾನೆಯೂ ಗಾಡಿ ಕಳುಹಿಸದು. ಇಪ್ಪತ್ತು ಹೋಟೆಲುಗಳೂ ಹತ್ತಿಪ್ಪತ್ತು ಕೋಣೆಗಳ ಹುಡುಗರೂ ಸೇರಿ, ಮೂರು ತಿಂಗಳಿಗೊಮ್ಮೆ ಒಂದು ಹೋಟೆಲಿನ ಹಿಂದಣ ಕೋಣೆಯಲ್ಲಿ ಒಟ್ಟು ಹಾಕಿದರೆ ಗಾಡಿ ಬಂದೀತು, ಗುಜರಿಯ ದರಕ್ಕೆ ಸಮನಾಗಿ ಚೌಕಾಸಿ ಮಾಡುವ ಬಲವೂ ಬಂದೀತು. ಯಾವುದನ್ನೂ ಬಿಚ್ಚದೆ ಇಡಿಯಾಗಿ ಕೊಡಬೇಕು. ನಮ್ಮ ಬೀದಿಯ ಗುಜರಿಯವನನ್ನೇ ಸಂಗ್ರಹಿಸಲು ನೇಮಿಸಿ ಅವನಿಗೆ ಕೂಲಿ ಕೊಟ್ಟರೆ ಅವನ ಅನ್ನಕ್ಕೂ ಕಲ್ಲು ಬೀಳದು. ಬಂದವರಿಂದ ನೋಂದಣಿ ಪತ್ರವನ್ನು ಕೇಳಿ ನೋಡಿರಿ, ತೂಕ ಬರೆದ ರಸೀದಿಯನ್ನು ಪಡೆಯಿರಿ. ನೋಂದಾಯಿತರ ಪಟ್ಟಿಯು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಜಾಲತಾಣದಲ್ಲಿ ದೊರೆಯುವುದು. ವಿಚಾರಿಸಲು ಖುದ್ದಾಗಿ ಹೋಗುವವರಿಗೆ, ತೆಲಂಗಾಣದ ಮಂಡಳಿಯ ಕಚೇರಿಯು ಸನತ್‌ನಗರದ ಕೈಗಾರಿಕಾ ವಸಾಹತಿನಲ್ಲಿದೆ. ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಹೊರಟರೂ ಸಂಜೆಯ ಕಾಫಿಯ ಹೊತ್ತಿಗೆ ಮರಳಬಹುದು.