ಡೈರಿ ಇತ್ತು, ರೆಕಾರ್ಡ್ ಇರಲಿಲ್ಲ: ಪ್ಲ್ಯಾನರ್ ಆರಿಸುವ ಬಗ್ಗೆ ಕೆಲವು ಮಾತು

ಕಳೆದ ವರ್ಷ ಪ್ರಥಮ ಪಿಯುಸಿಯಲ್ಲಿದ್ದಾಗ ನನ್ನ ಹತ್ತಿರ ಒಂದು ಒಳ್ಳೆಯ ಡೈರಿ ಇತ್ತು. ಉಪ್ಪನ ಅಂಗಡಿಗೆ ಜನವರಿಯಲ್ಲಿ ಯಾರೋ ಕೊಟ್ಟು ಹೋದದ್ದು. ಗಟ್ಟಿ ರಟ್ಟು, ದಿನಕ್ಕೊಂದು ಪುಟ, ಗುರುತಿಗೆ ಒಂದು ಕೆಂಪು ದಾರ. ಕೆಮಿಸ್ಟ್ರಿ ರೆಕಾರ್ಡ್ ಒಪ್ಪಿಸುವ ದಿನಾಂಕವನ್ನು ಲ್ಯಾಬಿನಲ್ಲಿ ಹೇಳಿದ ಕೂಡಲೇ ನಾನು ಡೈರಿ ತೆಗೆದು, ನವೆಂಬರ್ 18ರ ಪುಟ ಹುಡುಕಿ, ‘ಕೆಮಿಸ್ಟ್ರಿ ರೆಕಾರ್ಡ್’ ಎಂದು ಕೆಂಪು ಪೆನ್ನಿನಲ್ಲಿ ಬರೆದು, ಅಡಿಗೆ ಎರಡು ಗೆರೆ ಎಳೆದು ಮುಚ್ಚಿಟ್ಟೆ. ಆ ಪುಟವನ್ನು ನಾನು ಮತ್ತೆ ನೋಡಿದ್ದು ನವೆಂಬರ್ 18ರ ಬೆಳಿಗ್ಗೆ, ಬಸ್ಸಿನಲ್ಲಿ. ಎಂಟು ಪ್ರಯೋಗ ಬರೆಯಲು ಬಾಕಿ ಇತ್ತು.

“ಡೈರಿ ಇಟ್ಟುಕೊಂಡವಳೂ ಮರೆಯುವುದಾ?” ಎಂದು ಮೇಡಂ ಕೇಳಿದರು. ತಲೆ ತಗ್ಗಿಸಿ ನಿಂತೆ. ಇಂಟರ್ನಲ್ ಅಂಕ ಕಡಿಮೆಯಾಯಿತು. ತಪ್ಪು ನನ್ನದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮನೆಗೆ ಹೋಗಿ ಕೂತು ಯೋಚಿಸಿದಾಗ ಒಂದು ವಿಷಯ ಗೊತ್ತಾಯಿತು. ನಾನು ಬರೆಯುವುದನ್ನು ಮರೆತಿರಲಿಲ್ಲ, ಬರೆದ ಜಾಗ ತಪ್ಪಾಗಿತ್ತು. ದಿನಕ್ಕೊಂದು ಪುಟದ ಡೈರಿ ನಮಗೆ ತೋರಿಸುವುದು ಇವತ್ತನ್ನು ಮಾತ್ರ. ಮುಂದಿನ ವಾರ ಮುಚ್ಚಿದ ಹಾಳೆಗಳ ಒಳಗೆ ಇರುತ್ತದೆ. ದಿನಾ ಹತ್ತು ಪುಟ ಮುಂದಕ್ಕೆ ತಿರುವಿ ನೋಡುವ ಅಭ್ಯಾಸ ಇದ್ದವರಿಗೆ ಅದು ಸಾಕು. ನನಗೆ ಆ ಅಭ್ಯಾಸ ಇಲ್ಲ, ಬರುವ ಲಕ್ಷಣವೂ ಇಲ್ಲ.

ಈ ವರ್ಷ ಪ್ರಥಮ ಪಿಯುಸಿಯ ಇಬ್ಬರು ತಂಗಿಯರು “ಅಕ್ಕಾ, ಯಾವ ಪ್ಲ್ಯಾನರ್ ತೆಗೆದುಕೊಳ್ಳುವುದು ಒಳ್ಳೆಯದು?” ಎಂದು ನನ್ನನ್ನೇ ಕೇಳಿದರು. ಮೂರು ಪ್ಲ್ಯಾನರ್ ಹಾಳು ಮಾಡಿದವಳನ್ನು ಕೇಳಿದರೆ ಸಿಗುವ ಉತ್ತರ ಇದು: ಅಂಗಡಿಗೆ ಹೋಗುವ ಮೊದಲು ನೀವು ಎಲ್ಲಿ ಎಡವುತ್ತೀರಿ ಎಂದು ನೋಡಿಕೊಳ್ಳಿ. ದಿನಾಂಕ ತಪ್ಪುತ್ತದೆಯೋ, ಗಂಟೆ ಸಾಲುವುದಿಲ್ಲವೋ, ಬರೆಯುವುದನ್ನೇ ಬಿಟ್ಟುಬಿಡುತ್ತೀರೋ? ಈ ಮೂರಕ್ಕೂ ಮದ್ದು ಬೇರೆ ಬೇರೆ.

ರೆಕಾರ್ಡಿನ ಪ್ರಸಂಗ ಆದ ಮೇಲೆ ನಾನು ಮಾಡಿದ್ದು ಮದ್ದು ತಿಳಿಯದೆ ಮಾತ್ರೆ ನುಂಗಿದ ಹಾಗೆ. 300 ರೂಪಾಯಿ ಕೊಟ್ಟು, ಬೆಳಿಗ್ಗೆ ಐದರಿಂದ ರಾತ್ರಿ ಹತ್ತರವರೆಗೆ ಅರ್ಧ ಗಂಟೆಗೊಂದು ಗೆರೆ ಇರುವ ಪ್ಲ್ಯಾನರ್ ತಂದೆ. ಮೊದಲ ದಿನ ಅದನ್ನು ತುಂಬಿಸಿದಾಗ ಪಕ್ಕದಲ್ಲಿ ಕೂರುವ ಗೆಳತಿ ನೋಡಿ, “ಎಂತ ಮಾರಾಯ್ತಿ ಇದು, ರೈಲ್ವೆ ಟೈಮ್‌ಟೇಬಲಾ?” ಎಂದು ನಕ್ಕಳು. ರೈಲು ಮೂರನೆಯ ದಿನವೇ ಹಳಿ ತಪ್ಪಿತು. ಸಂಜೆ ಐದೂವರೆಗೆ ಗಣಿತ ಎಂದು ಬರೆದಿದ್ದೆ. ಬಸ್ಸು ಸಿಕ್ಕಿ ಮನೆ ಮುಟ್ಟಿದಾಗಲೇ ಐದು ಮುಕ್ಕಾಲು. ಒಂದು ಸಾಲು ತಪ್ಪಿದರೆ ಅದರ ಕೆಳಗಿನ ಎಲ್ಲ ಸಾಲುಗಳೂ ಸುಳ್ಳಾಗುತ್ತವೆ. ರಾತ್ರಿ ಆ ಪುಟ ನೋಡುವಾಗ ಓದಿದ ಎರಡು ಪಾಠ ಕಣ್ಣಿಗೆ ಬೀಳುವುದಿಲ್ಲ, ಓದದೆ ಬಿಟ್ಟ ನಾಲ್ಕು ಮಾತ್ರ ಕಾಣುತ್ತವೆ.

ಇದು ನನ್ನೊಬ್ಬಳ ಸೋಮಾರಿತನ ಅಲ್ಲ ಎಂದು ಆಮೇಲೆ ಓದಿ ತಿಳಿದುಕೊಂಡೆ. ಒಂದು ಕೆಲಸಕ್ಕೆ ಬೇಕಾಗುವ ಸಮಯವನ್ನು ಮನುಷ್ಯರು ಕಡಿಮೆ ಎಣಿಸುತ್ತಾರೆ. ಡೇನಿಯಲ್ ಕಾನೆಮನ್ ಮತ್ತು ಅಮೋಸ್ ಟ್ವೆರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲೇ ಇದಕ್ಕೆ ‘ಪ್ಲ್ಯಾನಿಂಗ್ ಫ್ಯಾಲಸಿ’ ಎಂದು ಹೆಸರಿಟ್ಟಿದ್ದಾರೆ. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಎಷ್ಟು ದಿನದಲ್ಲಿ ಮುಗಿಸುತ್ತೀರಿ ಎಂದು ಕೇಳಿದ್ದರು. ಅವರ ಅಂದಾಜಿನ ಸರಾಸರಿ ಸುಮಾರು 34 ದಿನ. ನಿಜವಾಗಿ ಹಿಡಿದದ್ದು ಸರಾಸರಿ 55 ದಿನಕ್ಕೂ ಹೆಚ್ಚು. ಅಂದರೆ ಗಂಟೆ ಲೆಕ್ಕದ ಪ್ಲ್ಯಾನರ್ ತರುವವರು ತಾವು ಅಂದಾಜು ಮಾಡಿದ ಸಮಯದ ಒಂದೂವರೆ ಪಟ್ಟು ಜಾಗ ಬಿಡಬೇಕು. ಒಂದು ಗಂಟೆಯ ಕೆಲಸಕ್ಕೆ ಒಂದೂವರೆ ಗಂಟೆ. ಹಾಗೆ ಬಿಟ್ಟು ನೋಡಿದರೆ ಸಂಜೆಯಲ್ಲಿ ಎರಡೇ ವಿಷಯ ಹಿಡಿಯುತ್ತದೆ ಎಂಬುದು ಕಾಗದದ ಮೇಲೆಯೇ ಗೊತ್ತಾಗುತ್ತದೆ.

ನನಗೆ ಇನ್ನೊಂದು ತೊಂದರೆಯೂ ಇತ್ತು. ನಮ್ಮ ಮನೆಯಲ್ಲಿ ಸಂಜೆ ನಡೆಯುವುದು ಗಡಿಯಾರದ ಮೇಲೆ ಅಲ್ಲ. ಅಸರ್ ಆದ ಮೇಲೆ, ಮಗ್ರಿಬ್‌ಗೆ ಮೊದಲು, ಇಶಾ ಕಳೆದು ಊಟ ಆದ ಮೇಲೆ ಎಂದೇ ನಾವು ಮಾತಾಡುವುದು. ನಮ್ಮ ಕರಾವಳಿಯಲ್ಲಿ ಜೂನ್ ಕೊನೆಗೆ ಸೂರ್ಯ ಮುಳುಗುವಾಗ ಹತ್ತಿರ ಹತ್ತಿರ ಏಳು ಗಂಟೆ. ನವೆಂಬರ್‌ನಲ್ಲಿ ಆರರ ಹೊತ್ತಿಗೇ ಕತ್ತಲೆ. ಸುಮಾರು ಒಂದು ಗಂಟೆಯ ವ್ಯತ್ಯಾಸ. ಜೂನ್‌ನಲ್ಲಿ ‘6ರಿಂದ 7 ಫಿಸಿಕ್ಸ್’ ಎಂದು ಹಾಕಿಕೊಂಡ ಟೈಮ್‌ಟೇಬಲ್ ನವೆಂಬರ್‌ನಲ್ಲಿ ನಮಾಝ್‌ನ ಹೊತ್ತಿಗೆ ಸರಿಯಾಗಿ ಡಿಕ್ಕಿ ಹೊಡೆಯುತ್ತದೆ. ಇನ್ನು ರಂಝಾನ್ ಬಂದರೆ ದಿನದ ಆಕಾರವೇ ಬೇರೆ. ಹಾಗಾಗಿ ಗಂಟೆಯ ಗೆರೆ ಬಿಟ್ಟು ದಿನವನ್ನು ನಾಲ್ಕು ಕಟ್ಟಾಗಿ ಮಾಡಿಕೊಂಡೆ: ಸುಬಹಿಯಿಂದ ಬಸ್ಸಿನವರೆಗೆ, ಕಾಲೇಜು, ಮನೆ ಮುಟ್ಟಿದಲ್ಲಿಂದ ಮಗ್ರಿಬ್‌ವರೆಗೆ, ಮಗ್ರಿಬ್‌ನಿಂದ ಮಲಗುವವರೆಗೆ. ಕಟ್ಟಿನ ಉದ್ದ ಕಾಲಕ್ಕೆ ತಕ್ಕ ಹಾಗೆ ಹೆಚ್ಚು ಕಡಿಮೆ ಆಗುತ್ತದೆ, ಹೆಸರು ಬದಲಾಗುವುದಿಲ್ಲ. ಹಾಸ್ಟೆಲಿನಲ್ಲಿರುವವರಿಗೆ ಅವರದೇ ಬೆಲ್ಲುಗಳಿವೆ, ಅವರು ಅದರ ಪ್ರಕಾರ ಮಾಡಿಕೊಳ್ಳಬಹುದು.

ದಿನಾಂಕದ ಸಮಸ್ಯೆಗೆ ಪರಿಹಾರ ನಮ್ಮ ಅಡುಗೆಕೋಣೆಯ ಗೋಡೆಯ ಮೇಲೆಯೇ ಇತ್ತು. ಉಮ್ಮ ಶಾಲೆ ಬಿಟ್ಟದ್ದು ಏಳನೇ ತರಗತಿಗೆ. ‘ಪ್ಲ್ಯಾನರ್’ ಎಂಬ ಶಬ್ದ ಅವರಿಗೆ ಬೇಕಾಗಿಲ್ಲ. ಗೋಡೆಯ ಕ್ಯಾಲೆಂಡರಿನ ಚೌಕಗಳಲ್ಲಿ ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಹಚ್ಚಿದ ದಿನ, ಅಜ್ಜಿಯ ಬಿಪಿ ಮಾತ್ರೆ ಮುಗಿಯುವ ದಿನ, ತಮ್ಮನ ಫೀಸಿನ ಕೊನೆಯ ದಿನ ಎಲ್ಲವೂ ಇರುತ್ತವೆ. ಒಂದು ದಿನಾಂಕವೂ ತಪ್ಪಿದ್ದು ನಾನು ಕಂಡಿಲ್ಲ. ಕಾರಣ ಸರಳ: ಇಡೀ ತಿಂಗಳು ಒಟ್ಟಿಗೆ ಕಾಣುತ್ತದೆ, ತೆರೆಯಬೇಕಾಗಿಲ್ಲ, ದಿನಕ್ಕೆ ಹತ್ತು ಸಲ ಅದರ ಎದುರು ಹಾದು ಹೋಗಲೇಬೇಕು. ಚೌಕ ಚಿಕ್ಕದಾದ್ದರಿಂದ ಮುಖ್ಯವಾದದ್ದನ್ನು ಮಾತ್ರ ಬರೆಯಲು ಸಾಧ್ಯ.

ನಾನೂ ನನ್ನ ಮೇಜಿನ ಮೇಲಿನ ಗೋಡೆಗೆ ತಿಂಗಳ ಹಾಳೆ ಅಂಟಿಸಿದೆ. ಟೆಸ್ಟ್, ಪ್ರಾಕ್ಟಿಕಲ್, ರೆಕಾರ್ಡ್, ಫೀಸು ಮಾತ್ರ ಅದರಲ್ಲಿ. ಗೈರುಹಾಜರಾದ ದಿನಕ್ಕೆ ಒಂದು ಅಡ್ಡ ಗೆರೆ. ಶೇಕಡಾ 75 ಹಾಜರಿ ಬೇಕೆಂಬುದು ನಮಗೆಲ್ಲ ಗೊತ್ತು, ಆದರೆ ತಾನು ಎಷ್ಟು ದಿನ ತಪ್ಪಿಸಿದ್ದೇನೆ ಎಂಬುದು ನೋಟಿಸ್ ಬೋರ್ಡಿನಲ್ಲಿ ಹೆಸರು ಬಂದ ಮೇಲೆಯೇ ಹಲವರಿಗೆ ತಿಳಿಯುವುದು. ಗೆರೆಗಳನ್ನು ಎಣಿಸಿದರೆ ಮೊದಲೇ ತಿಳಿಯುತ್ತದೆ.

ತಿಂಗಳ ಹಾಳೆಯ ದೋಷ ಎಂದರೆ ಅದು ಯಾವಾಗ ಎಂದು ಹೇಳುತ್ತದೆ, ಅದಕ್ಕೆ ಮೊದಲು ಏನು ಮಾಡಬೇಕು ಎಂದು ಹೇಳುವುದಿಲ್ಲ. ಎಂಟು ಪ್ರಯೋಗ ಒಂದು ಚೌಕದಲ್ಲಿ ಹಿಡಿಯುವುದಿಲ್ಲ. ಇಲ್ಲಿ ವಾರದ ಪ್ಲ್ಯಾನರ್ ಬೇಕಾಗುತ್ತದೆ. ಪಿಯುಸಿ ವಿದ್ಯಾರ್ಥಿಗಳಿಗೆ ಹೆಚ್ಚು ಒಗ್ಗುವುದು ಇದೇ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ನಮ್ಮ ಟೈಮ್‌ಟೇಬಲ್ ತಿರುಗುವುದೇ ವಾರಕ್ಕೊಮ್ಮೆ. ಪುಸ್ತಕ ತೆರೆದರೆ ಎಡ ಬಲ ಎರಡು ಪುಟದಲ್ಲಿ ಏಳು ದಿನ. ಇದರಲ್ಲೂ ಎರಡು ಬಗೆ ಇದೆ. ಒಂದರಲ್ಲಿ ದಿನಗಳು ಕಂಬದ ಹಾಗೆ ಉದ್ದಕ್ಕೆ ನಿಂತಿರುತ್ತವೆ, ಕ್ಲಾಸು, ಟ್ಯೂಷನ್, ಬಸ್ಸು ಎಂದು ಹೊತ್ತಿನ ಪ್ರಕಾರ ಬದುಕುವವರಿಗೆ ಅದು ಸರಿ. ಇನ್ನೊಂದರಲ್ಲಿ ಎಡ ಪುಟದಲ್ಲಿ ಏಳು ದಿನ, ಬಲ ಪುಟ ಪೂರ್ತಿ ಖಾಲಿ. ಆ ಖಾಲಿ ಪುಟವೇ ನನಗೆ ಉಪಕಾರ ಮಾಡಿದ್ದು. ಈ ವಾರ ಮಾಡಬೇಕಾದ, ಆದರೆ ಯಾವ ದಿನ ಎಂದು ಗೊತ್ತಿಲ್ಲದ ಕೆಲಸಗಳೆಲ್ಲ ಅಲ್ಲಿ: ರೆಕಾರ್ಡಿನ ಎರಡು ಪ್ರಯೋಗ, ಲೈಬ್ರರಿ ಪುಸ್ತಕ, ಇಂಗ್ಲಿಷ್ ಗ್ರಾಮರಿನ ಹಾಳೆಗಳು. ಮಂಗಳವಾರ ತಪ್ಪಿದ್ದು ಗುರುವಾರ ಆಗುತ್ತದೆ, ಪುಟ ಸುಳ್ಳಾಗುವುದಿಲ್ಲ. ರೈಲ್ವೆ ಟೈಮ್‌ಟೇಬಲ್ ಕೊಟ್ಟ ಬೇಜಾರು ಇದರಲ್ಲಿ ಬರಲಿಲ್ಲ.

ನಾನು ಬೈದ ದಿನಕ್ಕೊಂದು ಪುಟದ ಡೈರಿಗೂ ಒಂದು ಮಾತು ಸಲ್ಲಬೇಕು. ಲಂಡನ್ನಿನ ಜಾನ್ ಲೆಟ್ಸ್ ಎಂಬ ಕಾಗದದ ವ್ಯಾಪಾರಿ 1812ರಲ್ಲಿ ಮುದ್ರಿತ ಡೈರಿ ಮಾರಲು ಶುರು ಮಾಡಿದ್ದು ಮುಖ್ಯವಾಗಿ ವ್ಯಾಪಾರಿಗಳಿಗಾಗಿ. ದಿನ ದಿನವೂ ಬರೆಯಲು ಏನಾದರೂ ಇರುವವರಿಗೆ ಅದು ಹೇಳಿ ಮಾಡಿಸಿದ್ದು. ಜಪಾನಿನ ಹೊಬೊನಿಚಿ ಟೆಚೊ ಎಂಬ ಡೈರಿಯೂ ದಿನಕ್ಕೊಂದು ಪುಟವೇ, ಆದರೆ ಅದನ್ನು ಕೊಳ್ಳುವ ಬಹಳ ಜನ ಆ ದಿನ ಏನಾಯಿತು ಎಂದು ಬರೆಯುವವರು, ಚಿತ್ರ ಬಿಡಿಸುವವರು. ನಮ್ಮ ಕ್ಲಾಸಿನಲ್ಲಿ ಒಬ್ಬಳು ಪ್ರತಿ ರಾತ್ರಿ ಆ ದಿನ ಓದಿದ್ದರಲ್ಲಿ ಅರ್ಥವಾಗದ ಸಂಗತಿಗಳನ್ನು ಮಾತ್ರ ಡೈರಿಯಲ್ಲಿ ಬರೆದಿಟ್ಟು ಬೆಳಿಗ್ಗೆ ಲೆಕ್ಚರರ್ ಹತ್ತಿರ ಕೇಳುತ್ತಾಳೆ. ಅವಳ ಡೈರಿಯಲ್ಲಿ ಖಾಲಿ ಪುಟ ಸಿಗುವುದಿಲ್ಲ.

ಖಾಲಿ ಪುಟದ ವಿಷಯ ಬಂತಲ್ಲ, ಬರೆಯುವುದನ್ನೇ ಬಿಡುವವರ ಸಮಸ್ಯೆ ಅದು. ಉಡುಗೊರೆಯಾಗಿ ಸಿಗುವ ಡೈರಿ ಜನವರಿಯಿಂದ ಡಿಸೆಂಬರ್‌ವರೆಗೆ. ನಮ್ಮ ತರಗತಿಗಳು ಶುರುವಾಗುವುದು ಜೂನ್‌ನಲ್ಲಿ. ಐದು ತಿಂಗಳ ಪುಟ ಮೊದಲೇ ವ್ಯರ್ಥ, ಪರೀಕ್ಷೆ ಹತ್ತಿರ ಬರುವಾಗ ಡೈರಿ ಮುಗಿದಿರುತ್ತದೆ. ನಡುವೆ ಜ್ವರ ಬಂದು ಎಂಟು ದಿನ ಬರೆಯದಿದ್ದರೆ ಆ ಎಂಟು ಪುಟಗಳ ಎದುರು ನಾಚಿಕೆಯಾಗಿ ಒಂಬತ್ತನೆಯ ದಿನವೂ ತೆರೆಯುವುದಿಲ್ಲ. ಇಂಥವರು ದಿನಾಂಕ ಮುದ್ರಿಸದ ಪುಸ್ತಕವನ್ನೇ ತೆಗೆದುಕೊಳ್ಳಬೇಕು. ಬಿಟ್ಟ ದಿನಗಳಿಗೆ ಅಲ್ಲಿ ಜಾಗವೇ ಇಲ್ಲ, ಮತ್ತೆ ಶುರು ಮಾಡುವಾಗ ಇವತ್ತಿನ ದಿನಾಂಕ ಹಾಕಿದರೆ ಆಯಿತು.

ಇದನ್ನೇ ಇನ್ನೂ ಸರಳ ಮಾಡಿದ್ದು ನ್ಯೂಯಾರ್ಕಿನ ರೈಡರ್ ಕ್ಯಾರಲ್ ಎಂಬವರು 2013ರಲ್ಲಿ ಜನರ ಮುಂದಿಟ್ಟ ಬುಲೆಟ್ ಜರ್ನಲ್. ಗಮನ ಒಂದೇ ಕಡೆ ನಿಲ್ಲದ ತೊಂದರೆ ಅವರಿಗೆ ಚಿಕ್ಕಂದಿನಿಂದ ಇತ್ತು, ತನ್ನ ಉಪಯೋಗಕ್ಕೆಂದೇ ಈ ಕ್ರಮ ಕಟ್ಟಿಕೊಂಡರು. ಖಾಲಿ ನೋಟ್‌ಬುಕ್ಕಿನಲ್ಲಿ ಪ್ರತಿ ಕೆಲಸದ ಎದುರು ಒಂದು ಚುಕ್ಕೆ. ಮುಗಿದರೆ ಚುಕ್ಕೆಯ ಮೇಲೆ ಗುಣಾಕಾರ ಚಿಹ್ನೆ. ಉಳಿದರೆ ಬಾಣದ ಗುರುತು ಹಾಕಿ ಮುಂದಿನ ಪುಟದಲ್ಲಿ ಕೈಯಿಂದ ಮತ್ತೆ ಬರೆಯಬೇಕು. ಜಾಣತನ ಇರುವುದು ಈ ಮತ್ತೆ ಬರೆಯುವುದರಲ್ಲೇ. ಮೂರು ಸಲ ಬರೆದು ಕೈ ನೋಯುವಾಗ ಒಂದೋ ಕೆಲಸ ಮಾಡಿ ಮುಗಿಸುತ್ತೇವೆ, ಇಲ್ಲವೇ ಅದು ಬೇಡ ಎಂದು ಹೊಡೆದು ಹಾಕುತ್ತೇವೆ. ಇನ್‌ಸ್ಟಾಗ್ರಾಮಿನಲ್ಲಿ ಕಾಣುವ ಹೂಬಳ್ಳಿ, ಬಣ್ಣದ ಟೇಪು ಯಾವುದೂ ಇದಕ್ಕೆ ಬೇಕಿಲ್ಲ. ಸೆಪ್ಟೆಂಬರ್ ತಿಂಗಳ ಪುಟ ಅಲಂಕರಿಸುತ್ತಾ ಮಧ್ಯವಾರ್ಷಿಕ ಪರೀಕ್ಷೆಯ ಒಂದು ಇಡೀ ಸಂಜೆ ಕಳೆದವರನ್ನು ನಾನು ಬಲ್ಲೆ. ಹೆಸರು ಹೇಳುವುದಿಲ್ಲ, ಬಲು ಹತ್ತಿರದವರು.

ಗಾತ್ರದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಎ4 ಹಾಳೆಯನ್ನು ಮಡಚಿದರೆ ಎ5, ಅದನ್ನು ಮಡಚಿದರೆ ಎ6. ಎ4 ಮೇಜಿನ ಮೇಲೇ ಉಳಿಯುತ್ತದೆ, ಎ6 ಜೇಬಿಗೆ ಸರಿ ಆದರೆ ವಾರ ಹಿಡಿಯುವುದಿಲ್ಲ. ಬ್ಯಾಗಿನಲ್ಲಿ ಹೊತ್ತು ತಿರುಗುವವರಿಗೆ ಎ5 ಸಾಕು.

ದುಡ್ಡು ಕೊಡುವ ಮೊದಲು ಎರಡು ವಾರ ಹೀಗೆ ಮಾಡಿ ನೋಡಿ. ಮೊದಲ ವಾರ ಎ4 ಹಾಳೆಯಲ್ಲಿ ಏಳು ಭಾಗ ಮಾಡಿ, ಏನನ್ನೂ ಯೋಜಿಸದೆ, ನಿಜವಾಗಿ ಏನು ಮಾಡಿದಿರಿ ಎಂದಷ್ಟೇ ಬರೆಯಿರಿ. ಎಲ್ಲಿ ಕೂತು, ಯಾವ ಹೊತ್ತಿಗೆ ಬರೆದಿರಿ ಎಂಬುದನ್ನೂ ಗುರುತು ಮಾಡಿ. ನನಗೆ ಗೊತ್ತಾದದ್ದು ನಾನು ಬರೆಯುವುದು ರಾತ್ರಿ ಅಲ್ಲ, ಕೊನೆಯ ಪೀರಿಯಡ್ ಮುಗಿದು ಬಸ್ಸಿಗೆ ಕಾಯುವ ಹತ್ತು ನಿಮಿಷದಲ್ಲಿ ಎಂದು. ಎರಡನೆಯ ವಾರ ಅಂಥದೇ ಇನ್ನೊಂದು ಹಾಳೆಯಲ್ಲಿ ಯೋಜನೆ ಬರೆದು, ಶನಿವಾರ ಎರಡನ್ನೂ ಪಕ್ಕದಲ್ಲಿ ಇಟ್ಟು ನೋಡಿ. ಯಾವ ಭಾಗ ಖಾಲಿ ಉಳಿಯಿತು, ಯಾವುದರಲ್ಲಿ ಜಾಗ ಸಾಲದೆ ಅಂಚಿಗೆ ಬರೆದಿರಿ ಎಂಬುದರಿಂದ ಯಾವ ಬಗೆಯದು ಬೇಕೆಂದು ತಿಳಿಯುತ್ತದೆ. ನಮ್ಮ ಲೈಬ್ರರಿ ಮೇಡಂಗೆ ತಿಂಗಳ ಕ್ಯಾಲೆಂಡರ್ ಒಂದೇ ಸಾಕು. ಫಿಸಿಕ್ಸ್ ಸರ್ ಜೇಬಿನಲ್ಲಿ ಮಡಚಿದ ಒಂದು ಚೀಟಿ, ಅದು ಹರಿದರೆ ಇನ್ನೊಂದು. ಇಬ್ಬರೂ ಕ್ಲಾಸಿಗೆ ತಡವಾಗಿ ಬಂದದ್ದಿಲ್ಲ.

ನಾನೀಗ ಇಟ್ಟುಕೊಂಡಿರುವುದು 200 ಪುಟದ ಸಾಮಾನ್ಯ ನೋಟ್‌ಬುಕ್, ಸ್ಕೇಲಿನಿಂದ ಗೆರೆ ಎಳೆದು ಎರಡು ಪುಟಕ್ಕೊಂದು ವಾರ. ಭಾನುವಾರ ಗೆರೆ ಎಳೆಯಲು ಐದು ನಿಮಿಷ ಬೇಕು, ಆ ಐದು ನಿಮಿಷದಲ್ಲಿ ಗೋಡೆಯ ತಿಂಗಳ ಹಾಳೆ ನೋಡಿ ಮುಂದಿನ ಎರಡು ವಾರದ ದಿನಾಂಕಗಳನ್ನು ಬಲ ಪುಟಕ್ಕೆ ಇಳಿಸುತ್ತೇನೆ. ಈ ವರ್ಷದ ಕೆಮಿಸ್ಟ್ರಿ ರೆಕಾರ್ಡಿಗೆ ಇನ್ನು ಹನ್ನೊಂದು ದಿನ ಇದೆ. ಆರು ಪ್ರಯೋಗದ ಚುಕ್ಕೆಗೆ ಗುಣಾಕಾರ ಬಿದ್ದಿದೆ, ಎರಡು ಬಾಕಿ. ಒಂದಕ್ಕೆ ಈಗಾಗಲೇ ಎರಡು ಬಾಣ ಆಗಿದೆ, ಇವತ್ತು ಮಗ್ರಿಬ್ ಆದ ಮೇಲೆ ಕೂರಬೇಕು.