ಪಹಣಿಯಲ್ಲಿ ಬೆಳೆಯ ದಾಖಲೆ

ಹೊಲದಲ್ಲಿ ತೆನೆ ತೂಗುವ ರಾಗಿಯಿದ್ದು, ಪಹಣಿಯಲ್ಲಿ ಮಾತ್ರ ಬೀಳು ಎಂದು ಬರೆದಿರುವ ಸಂಗತಿಯು ಗ್ರಾಮಗಳ ಮುಖಂಡರಿಗಾಗಲಿ ಜಮೀನುದಾರರಿಗಾಗಲಿ ಹೊಸದಲ್ಲ. ಪೂರ್ವದಲ್ಲಿ ಚಾವಡಿಯಲ್ಲಿಯೇ ಕುಳಿತು ಹಿಂದಿನ ಸಾಲಿನ ಬೆಳೆಯನ್ನು ಮರಳಿ ಬರೆದುಬಿಡುತ್ತಿದ್ದುದೂ ಉಂಟು. ಅಂದು ಅದನ್ನು ಪ್ರಶ್ನಿಸುವವರು ವಿರಳರಾಗಿದ್ದರು. ಈಗಿನ ಸ್ಥಿತಿಯು ಹಾಗಿಲ್ಲ.

2000ನೆಯ ಇಸವಿಯ ಸುಮಾರಿಗೆ ಭೂಮಿ ಯೋಜನೆಯ ಮೂಲಕ ಪಹಣಿಗಳು ತಾಲ್ಲೂಕು ಕಚೇರಿಗಳ ಕಂಪ್ಯೂಟರುಗಳನ್ನು ಸೇರಿದುವು. ಕೈಬರಹದ ಪಹಣಿಯು ಊರ್ಜಿತವಲ್ಲದಾಯಿತು. 2017ರ ಮುಂಗಾರಿನಿಂದ ಬೆಳೆಯ ವಿವರಗಳನ್ನು ಮೊಬೈಲ್ ಫೋನಿನ ಮೂಲಕ ಸಂಗ್ರಹಿಸುವ ಕ್ರಮವು ಬಂದಿತು. 2020ರಲ್ಲಿ, ರೈತನು ತನ್ನ ಜಮೀನಿನ ಬೆಳೆಯನ್ನು ತಾನೇ ದಾಖಲು ಮಾಡುವ ಅವಕಾಶವೂ ಒದಗಿತು. ಹಾಗೆ ಮಾಡದೆ ಉಳಿದ ಜಮೀನುಗಳನ್ನು ಅದಕ್ಕಾಗಿ ನೇಮಿತರಾದ ಸ್ಥಳೀಯ ಯುವಕರು ಸಮೀಕ್ಷಿಸುವರು. ಸರ್ವೆ ನಂಬರು, ಹಿಸ್ಸೆಗಳ ಎಲ್ಲೆಯು ಫೋನಿನ ನಕ್ಷೆಯಲ್ಲಿ ಕಾಣುವುದು. ಆ ಎಲ್ಲೆಯೊಳಗೆ ನಿಂತು, ಬೆಳೆಯ ಹೆಸರನ್ನೂ ವಿಸ್ತೀರ್ಣವನ್ನೂ ನಮೂದಿಸಿ, ಪೈರಿನ ಚಿತ್ರವನ್ನು ತೆಗೆಯತಕ್ಕದ್ದು.

ಬೆಳೆ ವಿಮೆ, ಬೆಂಬಲ ಬೆಲೆಯ ಖರೀದಿ, ಬೆಳೆಹಾನಿಯ ಪರಿಹಾರ ಇವುಗಳಿಗೆಲ್ಲ ಹೀಗೆ ನಮೂದಾದುದೇ ಆಧಾರವು. ತೊಗರಿಗೆಂದು ವಿಮೆಯ ಕಂತನ್ನು ಕಟ್ಟಿದ್ದು, ಸಮೀಕ್ಷೆಯಲ್ಲಿ ಹತ್ತಿ ಎಂದಿದ್ದರೆ, ಮಳೆ ಕೈಕೊಟ್ಟ ವರ್ಷದಲ್ಲಿ ಆ ರೈತನ ಅರ್ಜಿಯು ತಿರಸ್ಕೃತವಾಗುವ ಸಂಭವವುಂಟು. ಕಂತು ಕಟ್ಟಿದ ರಶೀದಿಯೊಂದರಿಂದಲೇ ಕಾರ್ಯವು ನೆರವೇರದು.

ಇದರಲ್ಲಿ ಒಂದು ವಿಷಯವು ವಿಶೇಷವಾಗಿ ಗಮನಾರ್ಹವಾದುದು. ರಾಗಿಯ ಹೊಲದಲ್ಲಿ ಅಕ್ಕಡಿ ಸಾಲಾಗಿ ಅವರೆ, ತೊಗರಿ, ಹುಚ್ಚೆಳ್ಳುಗಳನ್ನು ಹಾಕುವುದು ನಮ್ಮ ಖುಷ್ಕಿ ಸೀಮೆಯ ಹಳೆಯ ಪದ್ಧತಿ. ಬದುವಿನ ಮೇಲೆ ನಿಂತು ಅವಸರದಲ್ಲಿ ನೋಡುವ ಯುವಕನಿಗೆ ರಾಗಿಯೊಂದೇ ಕಂಡೀತು. ಅವನನ್ನು ದೂಷಿಸಿ ಫಲವಿಲ್ಲ. ಒಂದು ದಿನದಲ್ಲಿ ಅವನು ಸುತ್ತಬೇಕಾದ ಹೊಲಗಳು ಹಲವು. ಮಿಶ್ರ ಬೆಳೆಯನ್ನು ಬರೆಯಲು ಫೋನಿನಲ್ಲಿ ಸ್ಥಳವಿದೆ. ಆದರೆ ಜಮೀನಿನ ಕಡೆಯವರೊಬ್ಬರು ಜೊತೆಯಲ್ಲಿದ್ದು ಸಾಲುಗಳನ್ನು ತೋರಿಸದಿದ್ದರೆ ಅದು ಬರಿದಾಗಿಯೇ ಉಳಿಯುವುದು. ಪಟ್ಟಣವಾಸಿಗಳಾಗಿದ್ದು ಜಮೀನನ್ನು ಅಣ್ಣತಮ್ಮಂದಿರ ಸಾಗುವಳಿಗೆ ಬಿಟ್ಟಿರುವ ಖಾತೆದಾರರು ಈ ವಿಷಯದಲ್ಲಿ ಬಹಳ ಉದಾಸೀನರಾಗಿರುವರು.

ಆದಕಾರಣ ಗ್ರಾಮದ ಮುಖಂಡರು ಸಮೀಕ್ಷೆ ನಡೆಯುವ ದಿನಗಳನ್ನು ಮುಂಚಿತವಾಗಿ ವಿಚಾರಿಸಿ ಊರಿನಲ್ಲಿ ಸಾರಿಸುವುದು ಒಳ್ಳೆಯದು. ಫೋನು ಬಳಸಲರಿಯದ ವೃದ್ಧರಿಗೂ ವಿಧವೆಯರಿಗೂ ಓದುಬಲ್ಲ ಹುಡುಗರಿಂದ ಸಹಾಯ ಮಾಡಿಸಬಹುದು. ನಮೂದಾದ ಬೆಳೆಯನ್ನು ‘ಬೆಳೆ ದರ್ಶಕ’ ಎಂಬ ತಂತ್ರಾಂಶದಲ್ಲಿ ನೋಡಿ, ತಪ್ಪಿದ್ದಲ್ಲಿ ಆಕ್ಷೇಪಣೆಯನ್ನು ಗಡುವಿನೊಳಗೆ ಸಲ್ಲಿಸತಕ್ಕದ್ದು. ಕುಯಿಲು ಮುಗಿದು ಕೂಳೆಯನ್ನೂ ಉತ್ತ ಬಳಿಕ, ಪರಿಶೀಲನೆಗೆ ಬಂದ ಅಧಿಕಾರಿಗೆ ತೋರಿಸಲು ಹೊಲದಲ್ಲಿ ಏನೂ ಉಳಿದಿರುವುದಿಲ್ಲ.